ಒಗೆಯಬಾರದ ಕೋಟು

ಬೆಳಗಿನ ಐದೂವರೆ. ಕರಾಮಿಂಡಾ ಊರಿನ ಹಿಂಬದಿ ರಸ್ತೆಯ ತಗಡಿನ ಷೆಡ್ಡಿನಲ್ಲಿ ಆಗಲೇ ದೀಪ ಉರಿಯುತ್ತಿದೆ. ಒಳಗೆ ಎಪ್ಪತ್ತನಾಲ್ಕರ ನೋಲೀನ್ ಹ್ಯಾಗರ್ಟಿ ಹೊಚ್ಚ ಹೊಸ ಅಂಗಿಯೊಂದನ್ನು ತೊಡೆಯ ಮೇಲೆ ಹರವಿಕೊಂಡು, ಅದರ ಎಡತೋಳನ್ನು ತುರಿಮಣೆಯಿಂದ ತುರಿಯುತ್ತಿದ್ದಾರೆ. ಅಡುಗೆಮನೆಯಲ್ಲಿ ಚೀಸ್ ತುರಿಯಲು ಇಟ್ಟುಕೊಳ್ಳುವಂಥದ್ದೇ ತುರಿಮಣೆ. ಹನ್ನೆರಡು ಸಲ ಉಜ್ಜುತ್ತಾರೆ, ದೀಪಕ್ಕೆ ಹಿಡಿದು ನೋಡುತ್ತಾರೆ, ಮತ್ತೆ ಹನ್ನೆರಡು ಸಲ ಉಜ್ಜುತ್ತಾರೆ. ನೂಲು ಒಂದೊಂದಾಗಿ ತೆಳ್ಳಗಾಗುತ್ತದೆ. ತೂತು ಬೀಳುವುದಕ್ಕೆ ಇನ್ನೊಂದು ಉಜ್ಜು ಬಾಕಿ ಅನ್ನುವಾಗ ಕೈ ನಿಲ್ಲುತ್ತದೆ.

"ಇವನು ಬಾರಿನ ಕಟ್ಟೆಗೆ ಒರಗಿ ನಿಲ್ಲೋ ಗಿರಾಕಿ," ಎನ್ನುತ್ತಾರೆ, ಇನ್ನೂ ಯಾವ ನಟನೂ ತೊಡದ ಅಂಗಿಯನ್ನು ತೋರಿಸಿ. "ಬಲಗೈಲಿ ಗ್ಲಾಸು ಹಿಡ್ಕೊತಾನೆ, ಎಡಗೈ ಊರ್ತಾನೆ. ಅದ್ಕೇ ಎಡ ಮೊಣಕೈ ಮೊದ್ಲು ಸವೀಬೇಕು. ಎರಡೂ ಒಂದೇ ಸಮ ಸವೆದ್ರೆ ಅದು ಸುಳ್ಳು."

ಹೊಸ ಬಟ್ಟೆಯನ್ನು ಹಳೆಯದು ಮಾಡುವುದು ನೋಲೀನ್ ಅವರ ಕೆಲಸ. ಐವತ್ತೈದು ವರ್ಷಗಳಿಂದ ಇದೊಂದನ್ನೇ ಮಾಡಿದ್ದಾರೆ. ಮೂವತ್ತೆಂಟು ಚಿತ್ರಗಳಿಗೆ ಆರು ಸಾವಿರಕ್ಕೂ ಮೇಲ್ಪಟ್ಟು ಬಟ್ಟೆಗಳಿಗೆ ಕೊಳೆ ಹಚ್ಚಿದ್ದಾರೆ. ತೆರೆಯ ಮೇಲೆ ಬೆವರಿದ ಕಾಲರು, ಕುದುರೆಯ ಜೀನು ತಿಕ್ಕಿ ಮಾಸಿದ ತೊಡೆ, ಆರು ತಿಂಗಳು ಬಯಲಲ್ಲಿ ಮಲಗೆದ್ದ ಪ್ಯಾಂಟು ನೋಡಿ ನಾವು "ಆಹಾ, ಇದಪ್ಪಾ ನಮ್ಮ ನೆಲ" ಅಂದಿದ್ದೇವಲ್ಲ, ಅದರಲ್ಲಿ ಎಷ್ಟೋ ಪಾಲು ಈ ತುರಿಮಣೆಯಿಂದ ಬಂದದ್ದು. ಮೂವತ್ತೆಂಟರಲ್ಲಿ ಅವರ ಹೆಸರು ತೆರೆಯ ಮೇಲೆ ಬಂದದ್ದು ನಾಲ್ಕರಲ್ಲಿ. ಒಂದರಲ್ಲಿ ಅದೂ ತಪ್ಪಾಗಿ.

ಷೆಡ್ಡಿನ ಗೋಡೆಗೆ ಆನಿಸಿ ನಲವತ್ತೊಂದು ಗಾಜಿನ ಜಾಡಿಗಳಿವೆ. ಪ್ರತಿಯೊಂದರಲ್ಲೂ ಮಣ್ಣು. ರೈಲು ನಿಲ್ದಾಣದ ಹಿಂದಿನದು ಇಟ್ಟಿಗೆಯ ಕೆಂಪು, ಒಣಕೆರೆಯದು ಬಿಳಿ, ಕುರಿ ದೊಡ್ಡಿಯದು ಕಂದು, ಈಗಲೂ ವಾಸನೆ ಹೊಡೆಯುತ್ತದೆ. ಊರಾಚೆಯ ಒಂದು ಗುಡ್ಡದ ಮಣ್ಣು ಮಾತ್ರ ಇಲ್ಲ. "ಅದು ಆಂಟಿ ರೂಬಿಯವರ ಹಿರಿಯರ ಜಾಗ. ಮುಟ್ಬೇಡ ಅಂದ್ರು, ಮುಟ್ಟಿಲ್ಲ," ಎನ್ನುತ್ತಾರೆ ನೋಲೀನ್. ಆಂಟಿ ರೂಬಿಯಂಥ ಮೂಲನಿವಾಸಿ ಹಿರಿಯರ ಮಾತನ್ನು ಇಷ್ಟು ಸರಳವಾಗಿ ಕೇಳಿದವರು ನಮ್ಮ ಸಿನಿಮಾ ಲೋಕದಲ್ಲಿ ಎಷ್ಟು ಮಂದಿ ಸಿಕ್ಕಾರು.

ಅದೇ ಗೋಡೆಗೆ ಇವತ್ತು ಇನ್ನೊಂದು ವಸ್ತುವನ್ನು ಮೊಳೆ ಹೊಡೆದು ಸಿಕ್ಕಿಸಿದ್ದಾರೆ. ಒಂದು ಪತ್ರ. ನಗರದ ದೊಡ್ಡ ವಸ್ತುಸಂಗ್ರಹಾಲಯದ್ದು. ಹೊರದೇಶದ ನಿರ್ದೇಶಕರು ನಮ್ಮ ಸಿನಿಮಾವನ್ನು ಹೇಗೆ ರೂಪಿಸಿದರು ಎಂಬ ಬಗ್ಗೆ ಅಲ್ಲೊಂದು ಪ್ರದರ್ಶನ ನಡೆಯಲಿದೆ. ಅದಕ್ಕೆ ನೋಲೀನ್ ಅವರ ಬಳಿಯಿರುವ ಉಣ್ಣೆಯ ಉದ್ದ ಕೋಟು ಬೇಕಂತೆ. ಫೋನಿನಲ್ಲಿ ಕೇಳಿದಾಗ ಅವರು ಕುಣಿದುಕೊಂಡು ಒಪ್ಪಿದ್ದರು. ಆಮೇಲೆ ಪತ್ರ ಬಂತು. ಅದರ ಮೂರನೆಯ ಸಾಲಿನ ಕೆಳಗೆ ಈಗ ಪೆನ್ಸಿಲಿನ ಗೆರೆ ಬಿದ್ದಿದೆ: ಪ್ರದರ್ಶನಕ್ಕೆ ಮೊದಲು ಕೋಟಿನ ಕೊಳೆಯನ್ನು ತೆಗೆಯಲಾಗುವುದು.

ಹತ್ತು ಗಂಟೆಗೆ ವ್ಯಾನು ಬರುತ್ತದೆ. ಕೊಡಬೇಕೋ ಬೇಡವೋ ಎಂಬುದನ್ನು ಅಷ್ಟರೊಳಗೆ ಅವರು ತೀರ್ಮಾನಿಸಬೇಕು.

ಕೊಡುವುದಿಲ್ಲ ಎಂದು ಬಾಗಿಲು ಹಾಕಿಕೊಳ್ಳಬಹುದಿತ್ತು. ಆದರೆ ಕೋಟಿಗೆ ನುಸಿ ಹಿಡಿದಿದೆ. ಹೋದ ಚಳಿಗಾಲದಲ್ಲಿ ಎಡಭುಜದ ಮೇಲೆ ನಾಣ್ಯದಷ್ಟು ದೊಡ್ಡ ತೂತು ಕಾಣಿಸಿತು, ಈ ಬೇಸಿಗೆಯಲ್ಲಿ ಇನ್ನೆರಡು. ತಗಡಿನ ಷೆಡ್ಡಿನಲ್ಲಿ ಅದು ಇನ್ನು ಹತ್ತು ವರ್ಷ ಬಾಳುವುದಿಲ್ಲ. ಕೊಟ್ಟರೆ ಒಗೆಯುತ್ತಾರೆ. ಇಟ್ಟುಕೊಂಡರೆ ಹುಳು ತಿನ್ನುತ್ತದೆ.

ಏಳು ಗಂಟೆಗೆ ಟ್ರೆವ್ ಡಗನ್ ಬರುತ್ತಾರೆ. ನಲವತ್ತು ವರ್ಷ ಕುರಿಗಳ ಉಣ್ಣೆ ಕತ್ತರಿಸಿದ ಬೆನ್ನು, ಈಗ ನೆಟ್ಟಗಾಗುವುದಿಲ್ಲ. ಮೈಮೇಲೆ ಅಚ್ಚ ಬಿಳಿ ಅಂಗಿ. ಅದೂ ಯಾವುದೋ ಚಿತ್ರದ್ದೇ. ಈ ಊರಲ್ಲಿ ಅದೊಂದು ಪದ್ಧತಿ. ತುರಿಮಣೆಗೂ ಬಣ್ಣಕ್ಕೂ ಬಗ್ಗದ ಬಟ್ಟೆಗಳನ್ನು ನೋಲೀನ್ ಊರವರಿಗೆ ಹಂಚುತ್ತಾರೆ. ಒಂದು ತಿಂಗಳು ತೊಡಬೇಕು, ದುಡಿಯಬೇಕು, ಬೆವರಬೇಕು, ಒಗೆಯದೆ ತಂದುಕೊಡಬೇಕು. ಕರಾಮಿಂಡಾದಲ್ಲಿ ಉಣ್ಣೆ ಕತ್ತರಿಸುವವರು, ಲಾರಿ ಓಡಿಸುವವರು, ಅಂಚೆ ಕಚೇರಿಯ ಹೆಂಗಸು, ಎಲ್ಲರೂ ಒಂದಲ್ಲ ಒಂದು ಸಲ ಯಾರೋ ನಾಯಕನ ಅಂಗಿಯಲ್ಲಿ ಬೆವರಿದವರೇ.

"ಫ್ರಾನ್ಸಲ್ಲಿ ಬಹುಮಾನ ತಗೊಂಡಿದ್ದು ನನ್ನ ಬೆವರು," ಎನ್ನುತ್ತಾರೆ ಟ್ರೆವ್, ಕೆಟ್ಲಿಗೆ ನೀರು ತುಂಬುತ್ತಾ. "ಒಂದು ಬಿಯರೂ ಕೊಡಿಸ್ಲಿಲ್ಲ ನನ್ಮಕ್ಳು."

"ಬಹುಮಾನ ಕೊಟ್ಟೋರಿಗೆ ಅವತ್ತು ನೆಗಡಿ ಆಗಿರ್ಬೇಕು ಕಣೋ. ಇಲ್ದಿದ್ರೆ ನಿನ್ನ ಅಂಗಿ ಹತ್ರ ಯಾರು ಸುಳೀತಾರೆ."

"ಕೋಟು ಕೊಡ್ತೀಯೋ ಇಲ್ವೋ ಹೇಳು."

ನೋಲೀನ್ ಮತ್ತೆ ತೋಳು ಉಜ್ಜತೊಡಗುತ್ತಾರೆ. ತುರಿಮಣೆಯ ಸದ್ದು ಸ್ವಲ್ಪ ಜೋರಾಗುತ್ತದೆ.

ಆ ಕೋಟಿನ ಕಥೆ ಸಾವಿರದ ಒಂಬೈನೂರ ಎಪ್ಪತ್ತರದು. ಅವರಿಗೆ ಆಗ ಹತ್ತೊಂಬತ್ತು. ಅಪ್ಪ ಕುರಿಮಂದೆ ಹೊಡೆಯುವವರು. ತಾಯಿ ಇಲ್ಲ. ಹದಿನಾಲ್ಕಕ್ಕೇ ಶಾಲೆ ಬಿಟ್ಟ ನೋಲೀನ್ ಊರಿನ ಒಂದೇ ಹೋಟೆಲಿನಲ್ಲಿ ಬಟ್ಟೆ ಒಗೆಯುತ್ತಿದ್ದರು. ಆ ವರ್ಷ ಇಮ್ರೆ ಹಾಲ್ಮಿ ಎಂಬ ನಿರ್ದೇಶಕ ಊರಿಗೆ ಬಂದರು. ಹಂಗೇರಿಯಿಂದ ಓಡಿಬಂದು ಲಂಡನ್ನಿನಲ್ಲಿ ನೆಲೆ ಕಂಡಿದ್ದವರು. ಮಂದೆ ಹೊಡೆಯುವವನೊಬ್ಬನ ಕಥೆಯನ್ನು ಚಿತ್ರ ಮಾಡಲು ಬಂದಿದ್ದರು. ಜೊತೆಗೆ ಮೂವತ್ತು ಜನ, ಹನ್ನೊಂದು ಪೆಟ್ಟಿಗೆ.

ನಮ್ಮದೇ ಸಿನಿಮಾ ಅಂತ ಹೇಳಿಕೊಳ್ಳಲು ಆ ಕಾಲಕ್ಕೆ ನಮ್ಮಲ್ಲಿ ಹೆಚ್ಚೇನೂ ಇರಲಿಲ್ಲ. ಹೊರಗಿನವರು ಬರುತ್ತಿದ್ದರು, ನಮ್ಮ ಬಯಲಲ್ಲಿ ಅವರ ನಟರನ್ನು ನಿಲ್ಲಿಸುತ್ತಿದ್ದರು, ಹೋಗುತ್ತಿದ್ದರು. ನಾವು ದೂರ ನಿಂತು ನೋಡುತ್ತಿದ್ದೆವು, ನಾಚುತ್ತಿದ್ದೆವು. ಅವರು ಬರುತ್ತಾರೆಂದು ಗೊತ್ತಾದ ಕೂಡಲೇ ಕರಾಮಿಂಡಾ ಮಾಡಿದ್ದನ್ನೇ ನೋಡಿ. ಹೋಟೆಲಿನ ಮುಂಗೋಡೆಗೆ ಸುಣ್ಣ ಬಳಿದರು. ರಸ್ತೆಗೆ ನೀರು ಹೊಡೆದರು. ನಿಲ್ದಾಣದ ತುಕ್ಕು ಹಿಡಿದ ಗೇಟಿಗೆ ಹಸಿರು ಬಣ್ಣ ಹಚ್ಚಿದರು. ಅದೇ ತುಕ್ಕಿನ ಗೇಟು, ಅದೇ ಸಿಪ್ಪೆಯೆದ್ದ ಗೋಡೆಗಾಗಿ ಆ ಮನುಷ್ಯ ಅರ್ಧ ಭೂಮಿ ಸುತ್ತಿ ಬಂದಿದ್ದ.

ಭಾನುವಾರ ಮಧ್ಯಾಹ್ನ ತಂಡದವರೆಲ್ಲ ಒಣಕೆರೆ ನೋಡಲು ಹೋಗಿದ್ದರು. ಲಂಡನ್ನಿನಿಂದ ಬಂದಿದ್ದ ಉಡುಪಿನ ಮೇಲ್ವಿಚಾರಕಿ ಎಡಿತ್ ಕ್ರೇಲ್ ಮಾತ್ರ ಬಿಸಿಲಿಗೆ ತಲೆನೋವು ಹತ್ತಿ ಕೋಣೆಯಲ್ಲಿ ಮಲಗಿದ್ದರು. ಹಿತ್ತಿಲ ಜಗಲಿಯಲ್ಲಿ ಪೆಟ್ಟಿಗೆಗಳು ಬಾಯಿ ತೆರೆದು ಕೂತಿದ್ದವು. ನೋಲೀನ್ ಇಣುಕಿ ನೋಡಿದರು. ನಲವತ್ತಮೂರು ಬಟ್ಟೆ. ಒಂದೊಂದೂ ಅಸಹ್ಯ ಕೊಳಕು.

"ನನಗೆ ಅಯ್ಯೋ ಅನ್ನಿಸ್ತು," ಎಂದು ನೆನೆಯುತ್ತಾರೆ. "ಅಷ್ಟು ದೂರದಿಂದ ಹಡಗಲ್ಲಿ ಬಂದಿದೆ, ದಾರೀಲಿ ಹೊಲಸಾಗಿದೆ ಪಾಪ ಅಂದ್ಕೊಂಡೆ. ಒಗ್ದುಬಿಟ್ಟೆ. ಎಲ್ಲಾನೂ. ಕೋಟಿಗೆ ತಣ್ಣೀರು, ಉಣ್ಣೆ ಅಲ್ವಾ. ಮೇಣ ಮೆತ್ಕೊಂಡಿತ್ತು, ಅದಕ್ಕೆ ಸೀಮೆಎಣ್ಣೆ, ಕಂದು ಕಾಗದ ಇಟ್ಟು ಬಿಸಿ ಇಸ್ತ್ರಿ. ನಮ್ಮ ಗಾಳಿಗೆ ಗಂಟೇಲಿ ಒಣಗ್ತು. ಗೆರೆ ಹೊಡ್ದಂಗೆ ಇಸ್ತ್ರಿ ಮಾಡಿ, ಮಧ್ಯೆ ಮಧ್ಯೆ ನೀಲಗಿರಿ ಎಲೆ ಇಟ್ಟು, ಪೇರಿಸಿಟ್ಟೆ. ಬೆಳಿಗ್ಗೆ ನೋಡಿ ಖುಷಿ ಪಡ್ತಾರೆ ಅಂತ."

ಎಡಿತ್ ಕ್ರೇಲ್ ಆ ಬಟ್ಟೆಗಳಿಗೆ ಲಂಡನ್ನಿನಲ್ಲಿ ಮೂರು ವಾರ ಕೂತು ಕೊಳೆ ಹಚ್ಚಿದ್ದರು.

ಸೋಮವಾರ ಬೆಳಿಗ್ಗೆ ಆಕೆ ಪೆಟ್ಟಿಗೆ ತೆಗೆದು, ಒಂದು ಅಂಗಿ ಎತ್ತಿ ಹಿಡಿದು, ಜಗಲಿಯ ಮೆಟ್ಟಿಲ ಮೇಲೆ ಕೂತು ಅತ್ತರು. ಹೋಟೆಲಿನ ಯಜಮಾನಿ ನೋಲೀನ್ ಅವರನ್ನು ಅಡುಗೆಮನೆಯೊಳಗೆ ತಳ್ಳಿ, "ಬಾಯಿ ಮುಚ್ಕೊಂಡಿರು, ಗಾಳಿ ಅಂತ ಹೇಳ್ತೀನಿ," ಎಂದರು. ಗಾಳಿ ಇಸ್ತ್ರಿ ಮಾಡುವುದಿಲ್ಲವಲ್ಲ. ನೋಲೀನ್ ತಾವಾಗಿಯೇ ಹೊರಬಂದರು.

ಹಾಲ್ಮಿ ಕೋಟಿನ ಕಾಲರನ್ನು ಮೂಗಿಗೆ ಹಿಡಿದು ನಿಂತಿದ್ದರು.

"ಯಾರು ಒಗೆದದ್ದು?"

"ನಾನು ಸಾರ್."

"ಮೇಣ? ಮೇಣ ಹೇಗೆ ಹೋಯಿತು?"

ಹೇಳಿದರು. ಸೀಮೆಎಣ್ಣೆ, ಕಾಗದ, ಇಸ್ತ್ರಿ. ನಿರ್ದೇಶಕರು ಕಾಲರನ್ನು ಇನ್ನೊಮ್ಮೆ ಮೂಸಿ ನೋಡಿದರು. ಆಮೇಲೆ ನಕ್ಕರು.

"ಮೂರು ವಾರ. ನೀನು ಒಂದು ಮಧ್ಯಾಹ್ನ. ಹುಡುಗಿ, ಇಷ್ಟು ಚೆನ್ನಾಗಿ ತೆಗೆಯುತ್ತೀ ಅಂದರೆ ಅದು ಎಲ್ಲಿ ಹತ್ತುತ್ತದೆ ಅಂತಲೂ ನಿನಗೆ ಗೊತ್ತು. ಐದು ದಿನ ಕೊಡುತ್ತೇನೆ. ವಾಪಸ್ ಹಾಕು. ಲಂಡನ್ನಿನದು ಬೇಡ. ನಿನ್ನ ಅಪ್ಪನ ಕೋಟಿನಲ್ಲಿ ಇರುವುದು ಹಾಕು."

ಐದು ದಿನ ಆ ಹುಡುಗಿ ಅಪ್ಪನ ಕೋಟನ್ನು ಎದುರಿಗೆ ನೇತುಹಾಕಿಕೊಂಡು ಕೂತಳು. ಇಪ್ಪತ್ತು ವರ್ಷ ಮಂದೆ ಹೊಡೆದ ಕೋಟು; ಅವಳೇ ನೂರು ಸಲ ಒಗೆದು ಬೈದುಕೊಂಡಿದ್ದ ಕೋಟು. ಅದನ್ನು ನೋಡಿದ್ದು ಮಾತ್ರ ಅದೇ ಮೊದಲು. ಎಡಿತ್ ಕ್ರೇಲ್ ಹಚ್ಚಿದ್ದ ಕೊಳೆ ಬೂದು ಬಣ್ಣದ್ದು, ಕಲ್ಲಿದ್ದಲ ಮಸಿಯದ್ದು, ಆ ನಗರದ್ದು. ಅಪ್ಪನ ಕೋಟಿನದು ಕೆಂಪು. ಕಾಲರಿನಲ್ಲಿ ಕುರಿಯುಣ್ಣೆಯ ಜಿಡ್ಡು. ಭುಜದ ಮೇಲೆ ಚೀಲದ ಪಟ್ಟಿ ತಿಕ್ಕಿ ಬೆಳ್ಳಗಾದ ಗೆರೆ. ಬಲಗೈ ಪಟ್ಟಿಯ ಒಳಮಗ್ಗುಲು ಮೂಗು ಒರೆಸಿದ ಹೊಳಪು. ಒಂದೊಂದಾಗಿ ನೋಡಿ, ಚಿತ್ರದ ಕೋಟಿಗೆ ಒಂದೊಂದಾಗಿ ಹಾಕಿದಳು. ಚಹಾ, ಜಿಡ್ಡು, ಮೇಣ, ನಿಲ್ದಾಣದ ಹಿಂದಿನ ಮಣ್ಣು.

ನಟರಿಗೆ ತೊಡಲು ಬಟ್ಟೆಯಿಲ್ಲದ ಆ ಐದು ದಿನ ಹಾಲ್ಮಿ ಸುಮ್ಮನೆ ಕೂರಲಿಲ್ಲ. ಕ್ಯಾಮೆರಾ ಹೊತ್ತುಕೊಂಡು ಹೋಗಿ ಬರಿಯ ಬಯಲನ್ನು ಚಿತ್ರಿಸಿದರು. ಜನರಿಲ್ಲದ ರಸ್ತೆ, ಜನರಿಲ್ಲದ ನಿಲ್ದಾಣ, ದಿಗಂತ. ಚಿತ್ರದ ಮೊದಲ ಆರು ನಿಮಿಷ ಅದೇ. ಅದರ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ ಇವತ್ತಿಗೂ ಪ್ರಬಂಧ ಬರೆಯುತ್ತಾರೆ. ಪರದೇಶಿಯ ಕಣ್ಣು ಕಂಡ ಈ ನೆಲದ ಮಹಾಮೌನವಂತೆ, ಒಂಟಿತನದ ತತ್ತ್ವವಂತೆ. ಕಾರಣ ಇಷ್ಟೇ: ಅಂಗಿಗಳು ಇಸ್ತ್ರಿಯಾಗಿದ್ದವು. ಒಬ್ಬನಾದರೂ ಕರಾಮಿಂಡಾದ ಬಸ್ಸು ಹತ್ತಿ ಬಂದು ಕೇಳಿದ್ದರೆ ಗೊತ್ತಾಗುತ್ತಿತ್ತು. ಬಂದಿಲ್ಲ.

ವರ್ಷಕ್ಕೊಮ್ಮೆ ಸೂಟು ತೊಟ್ಟವರು ವೇದಿಕೆ ಹತ್ತುತ್ತಾರೆ. ನಮ್ಮ ಸಿನಿಮಾಕ್ಕೆ ಕಣ್ಣು ಕೊಟ್ಟವರು ಹೊರಗಿನವರು ಎಂದು ಒಬ್ಬ; ಇಲ್ಲ, ನಾವೇ ನಮ್ಮ ಕಾಲ ಮೇಲೆ ಎದ್ದು ನಿಂತೆವು ಎಂದು ಇನ್ನೊಬ್ಬ. ಇಬ್ಬರಿಗೂ ಚಪ್ಪಾಳೆ. ಇಬ್ಬರಲ್ಲಿ ಯಾರಾದರೂ ಎಂದಾದರೂ ಒಂದು ಕಾಲರನ್ನು ಹತ್ತಿರದಿಂದ ನೋಡಿದ್ದಾರೆಯೇ? ನೋಡು ಎಂದು ಹೇಳಿದವನು ಹೊರಗಿನವನು. ನೋಡಿದವಳು ಇಲ್ಲಿಯವಳು. ಎರಡೂ ಆ ಕಾಲರಿನಲ್ಲೇ ಇದೆ.

ನೋಲೀನ್ ಅವರಿಗೆ ಈ ಜಗಳದಲ್ಲಿ ಆಸಕ್ತಿಯಿಲ್ಲ. ಕೃತಜ್ಞತೆ ಮಾತ್ರ ಬೇಕಾದಷ್ಟಿದೆ. "ಇಮ್ರೆ ನನ್ನ ಕೆಲ್ಸದಿಂದ ತೆಗೀಬಹುದಿತ್ತು. ಕೆಲ್ಸ ಕೊಟ್ಟ," ಎನ್ನುತ್ತಾರೆ. ಆಮೇಲೆ ಬಂದ ಜಪಾನಿನ ನಿರ್ದೇಶಕರೊಬ್ಬರು ಒಂದೇ ಒಂದು ಗುಂಡಿಯನ್ನು ಬೇರೆ ಬಣ್ಣದ ದಾರದಿಂದ ಹೊಲಿಸಿದರು. ಹೆಂಡತಿ ಸತ್ತವನ ಅಂಗಿ ಹೇಗಿರುತ್ತದೆಂದು ಅದರಿಂದ ತಿಳಿಯಿತಂತೆ. ಪೋಲೆಂಡಿನ ಛಾಯಾಗ್ರಾಹಕರೊಬ್ಬರು ತಂದ ದೀಪಗಳನ್ನೆಲ್ಲ ಪೆಟ್ಟಿಗೆಯಲ್ಲೇ ಬಿಟ್ಟು, ಈ ಬಿಸಿಲಿಗೆ ಬಿಳಿ ಬಟ್ಟೆ ಆಗುವುದಿಲ್ಲ, ಚಹಾದಲ್ಲಿ ಅದ್ದು ಎಂದರು. ಅಂದಿನಿಂದ ಇಲ್ಲಿಂದ ಹೊರಡುವ ಪ್ರತಿ ಬಿಳಿ ಅಂಗಿಗೂ ಚಹಾಸ್ನಾನ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಹುಡುಗರು, ಹುಡುಗಿಯರೇ ಕ್ಯಾಮೆರಾ ಹಿಡಿದು ಬರತೊಡಗಿದರು. ಅವರಲ್ಲೊಬ್ಬಾಕೆ ಹಾಲ್ಮಿಯ ಚಿತ್ರದ ಗುಂಪಿನ ದೃಶ್ಯದಲ್ಲಿ ಹದಿನೈದು ವರ್ಷದವಳಾಗಿ ನಿಂತಿದ್ದವಳು. ಬಂದು ನೇರ ಷೆಡ್ಡಿಗೇ ನುಗ್ಗಿ, "ಆ ಕೋಟಿನ ಬಣ್ಣ ಬೇಕು ನೋಲೀನ್, ಅದೇ ಕೆಂಪು," ಅಂದಳಂತೆ.

ಅವತ್ತು ಐದೇ ದಿನದಲ್ಲಿ ಎಲ್ಲ ಮುಗಿಸಿದ ಅವಸರ ಈಗಿಲ್ಲ; ಒಂದು ಅಂಗಿಗೆ ಒಂಬತ್ತು ಗಂಟೆ ಹಿಡಿಯುತ್ತದೆ. ಕೋಟಿಗೆ ಹನ್ನೊಂದು ದಿನ. ದಿನಕ್ಕೆ ಎರಡು ಬಕೆಟ್ ಮಣ್ಣು ಜರಡಿ ಹಿಡಿಯುತ್ತಾರೆ. ಅದರ ಫಲವಾಗಿ ಎದೆಯಲ್ಲಿ ಸದಾ ಸಣ್ಣ ಕೆಮ್ಮು. ಬಲಗೈ ಹೆಬ್ಬೆರಳಿನ ಗೆರೆಗಳು ಪೂರ್ತಿ ಸವೆದಿವೆ. ಮೊಮ್ಮಗಳು ಕೊಡಿಸಿದ ಫೋನು ಆ ಬೆರಳನ್ನು ಗುರುತಿಸುವುದೇ ಇಲ್ಲ. "ನೀನು ಯಾರು ಅಂತ ಕೇಳುತ್ತೆ ದಿನಾ," ಎಂದು ನಗುತ್ತಾರೆ.

ಎದೆಯಲ್ಲಿ ಉಳಿದ ಕೆಮ್ಮು ಇನ್ನೊಂದಿದೆ. ಎಡಿತ್ ಕ್ರೇಲ್. ಕೆಂಪು ಕೋಟು ಸಿದ್ಧವಾದ ದಿನ ನಿರ್ದೇಶಕರು ಅದನ್ನು ಎಲ್ಲರೆದುರು ಎತ್ತಿ ಹಿಡಿದು ಮೆಚ್ಚಿದರು. ಆ ವಾರವೇ ಆಕೆ ಲಂಡನ್ನಿಗೆ ಹೊರಟುಹೋದರು. ಯಾರೊಂದಿಗೂ ಜಗಳವಿಲ್ಲ. ಹೋಗುವ ಮುನ್ನ ನೋಲೀನ್ ಇಸ್ತ್ರಿ ಮಾಡುತ್ತಿದ್ದ ಮೇಜಿನ ಮೇಲೆ ತಮ್ಮ ತಂತಿಬ್ರಷ್ಷನ್ನೂ ಅರ್ಧ ಡಬ್ಬಿ ಮೇಣವನ್ನೂ ಇಟ್ಟು ಹೋಗಿದ್ದರು. ಮೇಣ ಅದೇ ವರ್ಷ ಮುಗಿಯಿತು. ಬ್ರಷ್ಷು ಇವತ್ತಿಗೂ ಕೆಲಸ ಮಾಡುತ್ತಿದೆ; ಹಿಡಿಕೆ ಎರಡು ಸಲ ಬದಲಾಗಿದೆ.

"ನನಗೆ ಕ್ಷಮಿಸಿ ಅನ್ನೋಕೆ ಬಾಯಿ ಬರ್ಲಿಲ್ಲ. ಆಮೇಲೆ ಕಾಗದ ಬರ್ದೆ, ಲಂಡನ್ನಿನ ಸ್ಟುಡಿಯೋಗೆ. ಉತ್ತರ ಇಲ್ಲ. ಚಿತ್ರ ಬಂದಾಗ ನೋಡ್ದೆ, ನನ್ನ ಹೆಸ್ರು ಇರ್ಲಿಲ್ಲ, ಸರಿ. ಅವಳದ್ದೂ ಇರ್ಲಿಲ್ಲ. ಅವಳ ಮೂರು ವಾರಾನ ನಾನು ಬಚ್ಚಲಿಗೆ ಸುರಿದೆ."

ಚಿತ್ರೀಕರಣ ಮುಗಿದ ದಿನ ಹಾಲ್ಮಿ ಕೋಟನ್ನು ನೋಲೀನ್ ಅವರಿಗೇ ಕೊಟ್ಟರು. ಒಂದೇ ಮಾತು ಹೇಳಿದರು: "ಇದನ್ನು ಮತ್ತೆ ಒಗೆಯಬೇಡ." ಅವರು ತೀರಿಕೊಂಡು ಇಪ್ಪತ್ತು ವರ್ಷಗಳಾದವು. ಕೋಟಿಗೆ ನೀರು ಸೋಕಿಲ್ಲ.

ಹತ್ತಕ್ಕೆ ಸರಿಯಾಗಿ ಬಿಳಿ ವ್ಯಾನು ಬಂದು ನಿಲ್ಲುತ್ತದೆ. ಇಳಿದವರು ವೆಸ್ನಾ ಮಾರಿಚ್, ಮೂವತ್ತೊಂದು ವರ್ಷ, ವಸ್ತುಸಂಗ್ರಹಾಲಯದಲ್ಲಿ ಬಟ್ಟೆಗಳ ಸಂರಕ್ಷಕಿ. ಕೈಯಲ್ಲಿ ಬಿಳಿ ಗ್ಲೌಸು, ಕಂಕುಳಲ್ಲಿ ಹಲಗೆಗೆ ಸಿಕ್ಕಿಸಿದ ಅರ್ಜಿ.

"ಒಂದು ರುಜು ಹಾಕ್ಬಿಟ್ರೆ ನಿಮಗೆ ತೊಂದ್ರೆ ಕೊಡಲ್ಲ ನೋಲೀನ್, ಹೊರಟುಬಿಡ್ತೀನಿ."

"ಮೊದ್ಲು ಚಹಾ ಕಣಮ್ಮ. ಈ ಹೊತ್ತಲ್ಲಿ ಚಹಾ ಕುಡೀದೆ ಯಾರೂ ಏನಕ್ಕೂ ರುಜು ಹಾಕಲ್ಲ ಇಲ್ಲಿ."

ಟ್ರೆವ್ ಚಹಾ ಬಗ್ಗಿಸುತ್ತಾರೆ. ತೆಂಗಿನತುರಿ ಹೊದಿಸಿದ ಲ್ಯಾಮಿಂಗ್‌ಟನ್ ಕೇಕು ಮುಂದಿಡುತ್ತಾರೆ. ವೆಸ್ನಾ ಗ್ಲೌಸು ತೆಗೆಯಬೇಕಾಗುತ್ತದೆ.

"ಒಗೀತೀರಂತೆ," ಎನ್ನುತ್ತಾರೆ ನೋಲೀನ್.

"ಒಗೆಯೋದಲ್ಲ. ಶುಚಿ ಮಾಡೋದು. ಸಣ್ಣ ಬ್ರಷ್ಷು, ಸ್ವಲ್ಪ ನೀರು, ತುಂಬಾ ಮೆತ್ತಗೆ."

"ನಮ್ಮೂರಲ್ಲಿ ಅದಕ್ಕೆ ಒಗೆಯೋದು ಅಂತಾರೆ," ಎನ್ನುತ್ತಾರೆ ಟ್ರೆವ್.

"ಕೊಳೆ ಇದ್ರೆ ನುಸಿ ಬರುತ್ತೆ," ವೆಸ್ನಾ ತಾಳ್ಮೆಯಿಂದಲೇ ಹೇಳುತ್ತಾರೆ. "ಒಂದು ಕೋಟಿಂದ ಉಗ್ರಾಣಕ್ಕೆಲ್ಲಾ ಹರಡುತ್ತೆ. ನಾಲ್ಕು ಸಾವಿರ ಬಟ್ಟೆ ಇವೆ ನಮ್ಮಲ್ಲಿ. ಅದ್ಕೇ ನಿಯಮ. ಇಲ್ಲೇ ಇದ್ರೆ ಏನಾಗುತ್ತೆ ಅಂತ ನಿಮಗೂ ಗೊತ್ತು."

ಗೊತ್ತು. ನೋಲೀನ್ ಎದ್ದು ಹೋಗಿ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟ ಕೋಟನ್ನು ತಂದು ಮೇಜಿನ ಮೇಲೆ ಹಾಸುತ್ತಾರೆ. ತೂತುಗಳನ್ನು ಬಚ್ಚಿಡುವುದಿಲ್ಲ. ಅವನ್ನೇ ಮೊದಲು ತೋರಿಸುತ್ತಾರೆ. ಆಮೇಲೆ ಕೈ ಕಾಲರಿಗೆ ಹೋಗುತ್ತದೆ.

"ಇಲ್ಲಿ ನೋಡು ಮಗಾ. ಇದು ಕೊಳೆಯಲ್ಲ. ಉಣ್ಣೆ ಜಿಡ್ಡಿಗೆ ಚಹಾ ಕಲ್ಸಿ ಏಳು ಸಲ ಹಚ್ಚಿದ್ದು. ಇಲ್ಲಿ ಭುಜದ ಮೇಲೆ ಬೆಳ್ಳಗಿದೆಯಲ್ಲ, ಅದು ಬಿಸಿಲಲ್ಲ, ಕಲ್ಲಲ್ಲಿ ಉಜ್ಜಿದ್ದು. ಕೈ ಪಟ್ಟಿಗೆ ಮೇಣ. ಕೆಳಗಿನ ಅಂಚಲ್ಲಿ ಮಣ್ಣು ಕೂತಿದೆ ಅಂತೀಯಲ್ಲ, ಅದು ತಾನಾಗಿ ಕೂತಿಲ್ಲ, ಮೇಣ ಬೆರೆಸಿ ನಾನು ಕೂರ್ಸಿದ್ದು. ಒರೆಸು. ಒರೆಸಿ ನೋಡು."

ವೆಸ್ನಾ ಚೀಲದಿಂದ ಹತ್ತಿ ಸುತ್ತಿದ ಕಡ್ಡಿಯೊಂದನ್ನು ತೆಗೆದು, ಒದ್ದೆ ಮಾಡಿ, ಅಂಚಿನ ಮೇಲೆ ಮೆಲ್ಲಗೆ ಹೊರಳಿಸುತ್ತಾರೆ. ಎತ್ತಿ ನೋಡುತ್ತಾರೆ. ಹತ್ತಿ ಬಿಳಿಯಾಗಿಯೇ ಇದೆ; ಬರಿಯ ಕೊಳೆಯಾಗಿದ್ದರೆ ಅದಕ್ಕೆ ಅಂಟಿಕೊಳ್ಳಬೇಕಿತ್ತು. ಕಾಲರಿನಲ್ಲಿ ಇನ್ನೊಂದು ಕಡ್ಡಿ. ಬಿಳಿ. ಕೈಪಟ್ಟಿಯಲ್ಲಿ ಮತ್ತೊಂದು. ಬಿಳಿ. ಟ್ರೆವ್ ಕೇಕು ಅಗಿಯುವುದನ್ನು ನಿಲ್ಲಿಸಿದ್ದಾರೆ.

"ಐವತ್ತೈದು ವರ್ಷದ ಹಿಂದಿನದಾ ಇದು?" ವೆಸ್ನಾ ಕೇಳುತ್ತಾರೆ. ದನಿಯಲ್ಲಿದ್ದ ಕಚೇರಿ ಮಾಯವಾಗಿದೆ.

ಭೂತಗನ್ನಡಿ ಹೊರಬರುತ್ತದೆ. ಈಗ ಅವರು ಅರ್ಜಿಗಾಗಿ ನೋಡುತ್ತಿಲ್ಲ, ತಮಗಾಗಿ ನೋಡುತ್ತಿದ್ದಾರೆ. ಇಂಚಿಂಚಾಗಿ ಕೆಳಗಿಳಿದು, ಬಲಜೇಬನ್ನು ಮೆತ್ತಗೆ ಒಳಗಿಂದ ಹೊರಕ್ಕೆ ತಿರುಗಿಸುತ್ತಾರೆ. ತಳದ ಹೊಲಿಗೆಯ ಬಳಿ ನಿಲ್ಲುತ್ತಾರೆ.

"ಇಲ್ಲಿ ಬೂದು ಬಣ್ಣ ಇದೆ. ನಿಮ್ಮ ಕೆಂಪಿನ ಕೆಳಗೆ."

"ಬೂದು ಇಲ್ಲ. ನಾನು ಬೂದು ಹಾಕಿಲ್ಲ."

"ಇದೆ. ಮಸಿ ಥರ. ಹೊಲಿಗೆ ಒಳಗೆ ಕೂತಿದೆ."

ನೋಲೀನ್ ಕನ್ನಡಕ ಹುಡುಕುತ್ತಾರೆ. ಅದು ತಲೆಯ ಮೇಲೇ ಇದೆ. ಇಳಿಸಿಕೊಂಡು, ಭೂತಗನ್ನಡಿಗೆ ಕಣ್ಣು ಹಚ್ಚಿ, ಬಗ್ಗಿ ನೋಡುತ್ತಾರೆ. ಬಹಳ ಹೊತ್ತು ನೋಡುತ್ತಾರೆ. ಹೊಲಿಗೆಯ ಮಡಿಕೆಯಲ್ಲಿ ಬೆರಳುಗುರಿನಷ್ಟು ಉದ್ದದ ಬೂದು ಗೆರೆ, ಅದರ ಮೇಲೆ ಕೆಂಪು. ಸೀಮೆಎಣ್ಣೆಗೂ ಸಾಬೂನಿಗೂ ಸಿಗದೆ ಉಳಿದದ್ದು.

"ಎಡಿತ್‌ದು," ಎನ್ನುತ್ತಾರೆ ಕೊನೆಗೆ.

ಕೆಟ್ಲಿ ಕುದಿಯುತ್ತಿದೆ.

"ಇಷ್ಟು ವರ್ಷ ಊರ ತುಂಬಾ ಹೇಳ್ಕೊಂಡು ತಿರುಗಿದ್ದೀನಿ, ನಲವತ್ತಮೂರನ್ನೂ ಕಲೆಯಿಲ್ದಂಗೆ ಒಗ್ದೆ ಅಂತ," ನೋಲೀನ್ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಜೇಬು ಸರಿಯಾಗಿ ತೊಳ್ದಿರ್ಲಿಲ್ಲ ನಾನು."

"ನಿನ್ನ ಕೈಲಿ ಬಟ್ಟೆ ಒಗೆಸಿದ್ದಕ್ಕೆ ಹೋಟ್ಲವಳು ಕೊಟ್ಟ ಸಂಬಳ ದಂಡ," ಎನ್ನುತ್ತಾರೆ ಟ್ರೆವ್. ಆದರೆ ಅವರ ಕೈ ಆಕೆಯ ಹೆಗಲ ಮೇಲಿದೆ.

ವೆಸ್ನಾ ಅರ್ಜಿಯ ಹಲಗೆಯನ್ನು ಎಳೆದುಕೊಳ್ಳುತ್ತಾರೆ. ಸ್ಥಿತಿ ಎಂಬ ಕಡೆ ನಗರದಲ್ಲೇ ಟೈಪು ಮಾಡಿ ತಂದ ಸಾಲಿದೆ: ಮೈತುಂಬ ಕೊಳೆ, ತೆಗೆಯತಕ್ಕದ್ದು. ಅದನ್ನು ಅಡ್ಡಗೆರೆ ಎಳೆದು ಹೊಡೆದುಹಾಕುತ್ತಾರೆ. ಕೆಳಗೆ ಕೈಯಲ್ಲಿ ಬರೆಯುತ್ತಾರೆ: ಕೊಳೆಯಲ್ಲ, ಕೈಕೆಲಸ. ತೆಗೆಯತಕ್ಕದ್ದಲ್ಲ.

"ನಮ್ಮಲ್ಲೇ ಇನ್ನೊಂದು ನಿಯಮ ಇದೆ," ಎನ್ನುತ್ತಾರೆ. "ಮಾಡಿದವರ ಕೆಲಸವನ್ನ ನಾವು ಅಳಿಸೋ ಹಂಗಿಲ್ಲ. ಕೇಳಿದವರಿಗೆ ನಾನು ಉತ್ತರ ಕೊಡ್ತೀನಿ. ನುಸಿಗೆ ಎರಡು ವಾರ ಫ್ರೀಜರಲ್ಲಿ ಇಡ್ತೀವಿ, ಚಳಿಗೇ ಸಾಯುತ್ತೆ, ಅಷ್ಟೆ. ನೀರು ಮುಟ್ಟಿಸಲ್ಲ."

"ಇಡಿ, ಇಡಿ. ಇಮ್ರೆಗೆ ಸೆಕೆ ಅಂದ್ರೆ ಆಗ್ತಿರ್ಲಿಲ್ಲ."

"ಕೈಕೆಲಸ ಅಂತ ಬರೆದ ಮೇಲೆ ಮಾಡಿದವರ ಹೆಸರು ಬರೀಬೇಕು. ಪ್ರದರ್ಶನದ ಚೀಟಿಗೂ ಅದೇ ಹೋಗುತ್ತೆ." ವೆಸ್ನಾ ಪೆನ್ನು ಹಿಡಿದು ಕಾಯುತ್ತಾರೆ. "ನೋಲೀನ್ ಹ್ಯಾಗರ್ಟಿ. ಸರೀನಾ?"

ಈ ಕೋಟಿನ ಬಗ್ಗೆ ಐವತ್ತೈದು ವರ್ಷ ಯಾರೂ ಕೇಳದ ಪ್ರಶ್ನೆ. ನೋಲೀನ್ ಅದಕ್ಕೆ ತಡಮಾಡುವುದಿಲ್ಲ.

"ಎಡಿತ್ ಕ್ರೇಲ್ ಅಂತ ಮೊದ್ಲು ಬರಿ. ಲಂಡನ್. ಮೊದ್ಲು ಮಾಡಿದವಳು ಅವಳು. ಕೆಳಗೆ ಬೇಕಾದ್ರೆ ನಂದು ಹಾಕು. ಯಾರಾದ್ರೂ ಅವಳ ಮಕ್ಕಳೋ ಮೊಮ್ಮಕ್ಕಳೋ ಇದ್ರೆ ನೋಡ್ಲಿ."

ಎರಡು ಹೆಸರು ಬೀಳುತ್ತವೆ, ಒಂದರ ಕೆಳಗೊಂದು. ಆಮೇಲೆ ರುಜು.

ವೆಸ್ನಾ ಕೋಟನ್ನು ಮಗುವನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಎತ್ತಿ ಪೆಟ್ಟಿಗೆಗೆ ಇಳಿಸುತ್ತಾರೆ. ವ್ಯಾನು ಹಿಂಬದಿ ರಸ್ತೆಗೆ ಇಳಿಯುತ್ತಿದ್ದಂತೆ ಕೆಂಪು ದೂಳು ಎದ್ದು, ಅದರ ಬಿಳಿ ಬೆನ್ನಿಗೆ ಕಿಟಕಿಯವರೆಗೂ ಮೆತ್ತಿಕೊಳ್ಳುತ್ತದೆ. ನೋಲೀನ್ ಬಾಗಿಲಲ್ಲಿ ನಿಂತು, ಕಣ್ಣು ಕಿರಿದಾಗಿಸಿ, ಆ ಬಣ್ಣ ಎಲ್ಲೆಲ್ಲಿ ಹತ್ತಿತು ಎಂದು ಗಮನಿಸುತ್ತಾರೆ. ಅಭ್ಯಾಸಬಲ.

"ನಗರ ಮುಟ್ಟಿದ ಕೂಡ್ಲೇ ತೊಳೀತಾರೆ ನೋಡು," ಎನ್ನುತ್ತಾರೆ ಟ್ರೆವ್.

"ವ್ಯಾನು ತಾನೆ," ಎನ್ನುತ್ತಾರೆ ನೋಲೀನ್, ತುರಿಮಣೆ ಎತ್ತಿಕೊಂಡು. "ತೊಳೀಲಿ ಬಿಡು."